ಆರು ವರ್ಷದೊಳಗಿನ ಮಕ್ಕಳ ಬಾಯಿ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಮಕ್ಕಳ ಅಪೌಷ್ಟಿಕತೆಯ ಬಗ್ಗೆ ತಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡದ ಪತ್ರಿಕೆಗಳು ಆಗಾಗ ಬರೆಯುತ್ತ ಬಂದಿವೆ. ಆ ವರದಿಗಳಲ್ಲಿ ತೂಕದ ಮಾತಿರುತ್ತದೆ, ಎತ್ತರದ ಮಾತಿರುತ್ತದೆ, ರಕ್ತಹೀನತೆಯ ಮಾತಿರುತ್ತದೆ. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಹೇಳಿದ್ದು ಈಗ ಬಹಳ ಜನರಿಗೆ ಗೊತ್ತಿದೆ. ಆದರೆ ಆ ಮಕ್ಕಳು ಎದುರಿಗಿಟ್ಟ ಊಟವನ್ನು ಅಗಿಯಬಲ್ಲರೇ, ಅಗಿಯುವಾಗ ಅವರಿಗೆ ನೋವಾಗುತ್ತದೆಯೇ ಎಂದು ಕೇಳಿದ ವರದಿಗಳನ್ನು ನಾನು ಅಷ್ಟಾಗಿ ಕಂಡಿಲ್ಲ. ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯನಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಆರು ವರ್ಷದೊಳಗಿನ ಮಕ್ಕಳ ಬಾಯಿಯ ಆರೋಗ್ಯವು ಮೂರು ಇಲಾಖೆಗಳ ನಡುವೆ ಯಾರಿಗೂ ಸೇರದ ಕೆಲಸವಾಗಿ ಉಳಿದುಬಿಟ್ಟಿದೆ. ಅದರ ಹೊಣೆಯನ್ನೆಲ್ಲ ತಾಯಿಯ ತಲೆಗೆ ಕಟ್ಟಿ ನಾವು ಸುಮ್ಮನಾಗುತ್ತೇವೆ. ಇವೆರಡನ್ನೂ ಓದುಗರ ಮುಂದಿಡುವುದಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾದೀತು, ಮನ್ನಿಸಬೇಕು.

ಸಮಸ್ಯೆ ಎಷ್ಟು ದೊಡ್ಡದೆಂಬುದಕ್ಕೆ ಎರಡು ಅಂಕಿಗಳು ಸಾಕು. ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿಯ ಹಲ್ಲುಗಳಲ್ಲಿ ಹುಳುಕು ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಬಾಯಿಯ ಆರೋಗ್ಯದ ವರದಿಯ ಪ್ರಕಾರ ಜಗತ್ತಿನಲ್ಲಿ ಹಾಲು ಹಲ್ಲುಗಳ ಹುಳುಕಿನಿಂದ ಬಳಲುವ ಮಕ್ಕಳು 51 ಕೋಟಿಗೂ ಹೆಚ್ಚು. ಇಷ್ಟು ವ್ಯಾಪಕವಾದ ಬೇರೊಂದು ಕಾಯಿಲೆ ಇಷ್ಟೇ ಮಕ್ಕಳಿಗೆ ಬಂದಿದ್ದರೆ ಅದಕ್ಕೊಂದು ಅಭಿಯಾನ, ಒಂದು ಘೋಷವಾಕ್ಯ, ಒಬ್ಬ ರಾಯಭಾರಿ ಎಂದೋ ಸಿಕ್ಕಿರುತ್ತಿದ್ದರು.

ಸಿಗದಿರುವುದಕ್ಕೆ ಕಾರಣ ಸರಳ. ಹಾಲು ಹಲ್ಲು ಹೇಗೂ ಬಿದ್ದುಹೋಗುವಂಥದ್ದು, ಅದರ ಚಿಂತೆ ಯಾಕೆ ಎಂಬ ಭಾವನೆ ಓದಿದವರಲ್ಲೂ ಇದೆ, ಓದದವರಲ್ಲೂ ಇದೆ, ಕೆಲವು ವೈದ್ಯರಲ್ಲೂ ಇದೆ. ಸುಮಾರು ಆರನೆಯ ತಿಂಗಳಿಗೆ ಮೊದಲ ಹಲ್ಲು ಮೂಡಿ, ಎರಡೂವರೆ–ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಹಲ್ಲುಗಳು ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ಹಿಂದಿನ ದವಡೆ ಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಇರಬೇಕಾದವು. ಮೂರನೆಯ ವಯಸ್ಸಿಗೆ ದವಡೆ ಹಲ್ಲು ಹುಳುಕಾದ ಮಗು ಏಳೆಂಟು ವರ್ಷಗಳ ಕಾಲ ಆ ಹಲ್ಲಿನೊಂದಿಗೇ ಬದುಕಬೇಕು. ಅದನ್ನು ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿಗೆ ದಾರಿಯಿಲ್ಲದಂತಾಗುತ್ತದೆ. ಇನ್ನೊಂದು ಸಂಗತಿಯನ್ನು ಪೋಷಕರು ಗಮನಿಸುವುದೇ ಇಲ್ಲ. ಆರನೆಯ ವರ್ಷದಲ್ಲಿ ಯಾವ ಹಲ್ಲೂ ಬೀಳದೆ, ಹಾಲು ಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಮೂಡುವ ದವಡೆ ಹಲ್ಲು ಜೀವನಪೂರ್ತಿ ಇರಬೇಕಾದ ಹಲ್ಲು. ಅದನ್ನೂ ಹಾಲು ಹಲ್ಲೆಂದೇ ತಿಳಿದು, ಹುಳುಕಾದ ಮೇಲೆ 'ಕಿತ್ತುಬಿಡಿ, ಹೊಸದು ಬರುತ್ತದೆ' ಎಂದು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ.

ನೋವಿನ ವಿಷಯಕ್ಕೆ ಬಂದರೆ, ಎರಡು–ಮೂರು ವರ್ಷದ ಮಗುವಿಗೆ ಹಲ್ಲು ನೋವೆಂದು ಹೇಳಲು ಬರುವುದಿಲ್ಲ. ಅದು ಒಂದೇ ಕಡೆಯಿಂದ ಅಗಿಯುತ್ತದೆ, ಅನ್ನವನ್ನು ಬಾಯಲ್ಲಿಟ್ಟುಕೊಂಡು ಕೂರುತ್ತದೆ, ರೊಟ್ಟಿ, ಮುದ್ದೆ, ಕಾಳುಗಳನ್ನು ಬಿಟ್ಟು ಮೆತ್ತಗಿನದನ್ನೂ ಸಿಹಿಯನ್ನೂ ಕೇಳುತ್ತದೆ, ರಾತ್ರಿ ಎದ್ದು ಅಳುತ್ತದೆ. ಮನೆಯವರಿಗೆ ಅದು ಹಟಮಾರಿತನವಾಗಿ ಕಾಣುತ್ತದೆ. ಅಂಗನವಾಡಿಯಲ್ಲಿ ಅದು ಊಟ ಸೇರದ ಮಗು. ತೀವ್ರವಾಗಿ ಹುಳುಕಾದ ಹಲ್ಲುಗಳಿರುವ ಮಕ್ಕಳಲ್ಲಿ ಕಡಿಮೆ ತೂಕವೂ ಹೆಚ್ಚಾಗಿ ಕಂಡುಬರುತ್ತದೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದರ ಚರ್ಚೆ ನಡೆದೇ ಇದೆ. ಬಡತನ ಇವೆರಡನ್ನೂ ಒಟ್ಟಿಗೇ ತರುತ್ತದೆಂಬುದೂ ನಿಜ. ಆದರೂ ವಸಡಿನ ಮೇಲೆ ಕೀವುಗುಳ್ಳೆ ಎದ್ದಿರುವ ಮಗುವಿಗೆ ಮೊಟ್ಟೆ ಕೊಟ್ಟು, ತೂಕ ಏಕೆ ಏರಲಿಲ್ಲವೆಂದು ಕೇಳುವ ಮೊದಲು ಅದರ ಬಾಯಿ ತೆರೆದು ನೋಡುವುದು ನ್ಯಾಯ.

ಹುಳುಕು ಹೇಗಾಗುತ್ತದೆಂಬುದನ್ನು ಚುಟುಕಾಗಿ ಹೇಳಬೇಕು, ಏಕೆಂದರೆ ಮುಂದಿನ ವಾದ ಅದರ ಮೇಲೆಯೇ ನಿಂತಿದೆ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಹೊರಹಾಕುತ್ತವೆ, ಆ ಆಮ್ಲ ಹಲ್ಲಿನ ಹೊರಕವಚದ ಖನಿಜವನ್ನು ಕರಗಿಸುತ್ತದೆ. ಒಮ್ಮೆ ಸಿಹಿ ತಿಂದರೆ ಲಾಲಾರಸ ಆ ಆಮ್ಲವನ್ನು ತಟಸ್ಥಗೊಳಿಸಲು ಅರ್ಧ ಗಂಟೆಯಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಹಲ್ಲು ಕಳೆದುಕೊಂಡ ಖನಿಜವನ್ನು ತುಸು ತುಸುವಾಗಿ ಮರಳಿ ಪಡೆಯುತ್ತದೆ. ಆದ್ದರಿಂದ ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿನ್ನುವ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಬಿಸ್ಕತ್ತು ಚಪ್ಪರಿಸುವ ಮಗುವಿಗೆ ಅಪಾಯ ಹೆಚ್ಚು. ಎಷ್ಟು ತಿಂದಿತು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎಷ್ಟು ಸಲ ತಿಂದಿತು ಎಂಬುದು ಮುಖ್ಯ. ನಿದ್ದೆಯಲ್ಲಿ ಲಾಲಾರಸ ಬಹಳ ಕಡಿಮೆಯಾಗುವುದರಿಂದ ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿನ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಮೊದಲು ಹಾಳಾಗುತ್ತವೆ. ಕೆಳಗಿನ ಮುಂಬದಿಯ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಮೇಲ್ದುಟಿಯನ್ನು ಎತ್ತಿ ನೋಡಿದರೆ ವಸಡಿನ ಅಂಚಿನುದ್ದಕ್ಕೂ ಸುಣ್ಣದ ಗೆರೆಯಂತೆ ಬಿಳಿಚಿಕೊಂಡಿರುವುದೇ ಮೊದಲ ಲಕ್ಷಣ. ಆ ಹಂತದಲ್ಲಿ ಹಿಡಿದರೆ ಕೊರೆಯುವುದೂ ಬೇಡ, ಕೀಳುವುದೂ ಬೇಡ. ಆದರೆ ಆ ಹಂತದಲ್ಲಿ ನನ್ನ ಬಳಿಗೆ ಯಾರೂ ಮಕ್ಕಳನ್ನು ಕರೆತಂದಿದ್ದು ನೆನಪಿಲ್ಲ.

ಮಗು ಎಷ್ಟು ಸಲ ಸಿಹಿ ತಿನ್ನುತ್ತದೆಂಬುದನ್ನು ತೀರ್ಮಾನಿಸುವವರು ಯಾರು? ತಾಯಿ ಎಂದು ಹೇಳುವುದು ಸುಲಭ. ವಾಸ್ತವದಲ್ಲಿ ಅದನ್ನು ತೀರ್ಮಾನಿಸುವುದು ತಾಯಿಯ ಕೂಲಿಯ ವೇಳೆ. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಂಗಸು ಮಗುವನ್ನು ಅತ್ತೆಯ ಬಳಿಯೋ ಪಕ್ಕದ ಮನೆಯಲ್ಲೋ ಬಿಟ್ಟು ಹೋಗುತ್ತಾಳೆ. ವಯಸ್ಸಾದ ಅಜ್ಜಿಗೆ ಮಗುವಿನ ಹಿಂದೆ ಓಡಲು ಶಕ್ತಿಯಿಲ್ಲ. ಅತ್ತರೆ ಸಮಾಧಾನಪಡಿಸಲು ಕೈಗೆ ಸಿಗುವುದು ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ, ಒಂದು ಲೋಟ ಟೀ. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿನ್ನಿಸಿದರೆ ಮಗುವಿನ ಹೊಟ್ಟೆ ತುಂಬಿದಂತಾಗುತ್ತದೆ, ಅದು ಮಲಗುತ್ತದೆ, ಅಜ್ಜಿಯೂ ಒಂದು ಗಳಿಗೆ ಅಡ್ಡಾಗುತ್ತಾಳೆ. ಐದು ರೂಪಾಯಿಗೆ ಇಷ್ಟು ಹೊತ್ತು ಕೆಡದೆ ಇರುವ, ಅಡುಗೆ ಬೇಡದ, ಮಗು ಒಲ್ಲೆನೆನ್ನದ ಬೇರೊಂದು ತಿನಿಸನ್ನು ಆ ಅಜ್ಜಿಗೆ ನಾವು ಯಾರೂ ತೋರಿಸಿಕೊಟ್ಟಿಲ್ಲ. ಬಾಳೆಹಣ್ಣು ಕೊಡಿ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಒಂದು ಬಾಳೆಹಣ್ಣಿನ ಬೆಲೆಯನ್ನೂ ಒಂದು ಬಿಸ್ಕತ್ತಿನ ಪೊಟ್ಟಣದ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಇಟ್ಟಿಗೆ ಗೂಡಿಗೋ ಗುಳೆ ಬರುವ ಕುಟುಂಬಗಳದ್ದು ಇನ್ನೂ ಕಷ್ಟದ ಸ್ಥಿತಿ. ಊರಿನ ಅಂಗನವಾಡಿಯ ದಾಖಲೆಯಲ್ಲಿ ಮಗುವಿನ ಹೆಸರಿರುತ್ತದೆ, ಮಗು ಇರುವುದಿಲ್ಲ. ಬಂದ ಊರಿನಲ್ಲಿ ಮಗು ಇರುತ್ತದೆ, ಹೆಸರಿರುವುದಿಲ್ಲ. ಶೆಡ್ಡಿನ ಮುಂದಿನ ಡ್ರಮ್ಮಿನಲ್ಲಿ ತುಂಬಿಟ್ಟ ನೀರು ಅಡುಗೆಗೂ ಸ್ನಾನಕ್ಕೂ ಸಾಲದೆ ಇರುವಾಗ ರಾತ್ರಿ ಮಲಗುವ ಮುನ್ನ ಮಗುವಿನ ಹಲ್ಲುಜ್ಜಿಸಿ ಎಂದು ಹೇಳುವವನ ಮುಖವನ್ನು ಆ ತಂದೆತಾಯಿ ನೋಡುವ ರೀತಿಯೇ ಬೇರೆ. ಮನೆಯಲ್ಲಿ ನಲ್ಲಿ ಇದೆಯೇ, ಬಚ್ಚಲು ಇದೆಯೇ, ಕತ್ತಲಾದ ಮೇಲೆ ಹೊರಗೆ ಹೋಗಬೇಕೇ ಎಂಬುದು ಹಲ್ಲಿನ ವಿಷಯವೇ ಎಂದು ನಮ್ಮ ಪಠ್ಯಪುಸ್ತಕಗಳು ನಮಗೆ ಕಲಿಸಲಿಲ್ಲ.

ಉಳ್ಳವರ ಮನೆಗಳು ಇದಕ್ಕೆ ಹೊರತೆಂದು ಭಾವಿಸಬಾರದು. ಅಲ್ಲಿ ಬಿಸ್ಕತ್ತಿನ ಜಾಗದಲ್ಲಿ ಚಾಕೊಲೇಟು, ಹಾಲಿಗೆ ಬೆರೆಸುವ ಸಿಹಿ ಪುಡಿ, ಪೊಟ್ಟಣದ ಹಣ್ಣಿನ ರಸ ಬಂದಿವೆ. ಪ್ರತಿ ಹುಟ್ಟುಹಬ್ಬಕ್ಕೂ ಇಡೀ ತರಗತಿಗೆ ಚಾಕೊಲೇಟು ಹಂಚುವ ಪದ್ಧತಿ ಖಾಸಗಿ ಶಾಲೆಗಳಿಂದ ಈಗ ಹಳ್ಳಿಯ ಅಂಗನವಾಡಿಗೂ ಇಳಿದಿದೆ. ವ್ಯತ್ಯಾಸವಿಷ್ಟೇ: ಅವರ ಮಗುವಿನ ಹಲ್ಲು ಹುಳುಕಾದರೆ ನಗರದ ಕ್ಲಿನಿಕ್ಕಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಲು ಹಲ್ಲಿಗೂ ಬೇರು ಚಿಕಿತ್ಸೆ ಮಾಡಿಸಿ, ಮೇಲೊಂದು ಕವಚ ಹಾಕಿಸುತ್ತಾರೆ. ಕೂಲಿಯವರ ಮಗುವಿಗೆ ನೋವಿನ ಮಾತ್ರೆ, ಆಮೇಲೆ ಇಕ್ಕಳ.

ತಾಯಿಯನ್ನು ದೂರುವ ಅಭ್ಯಾಸ ಎದೆಹಾಲಿನ ವಿಷಯದಲ್ಲಿ ಅಪಾಯಕಾರಿಯೂ ಆಗುತ್ತದೆ. ರಾತ್ರಿ ಹಾಲೂಡಿಸಿದ್ದರಿಂದಲೇ ಹಲ್ಲು ಹಾಳಾಯಿತೆಂದು ಗದರಿಸಿ, ಒಂದು ವರ್ಷದ ಮಗುವಿಗೆ ಎದೆಹಾಲು ಬಿಡಿಸಿ ಬಾಟಲಿ ಹಿಡಿಸಿದ ಉದಾಹರಣೆಗಳನ್ನು ಬಲ್ಲೆ. ಮೊದಲ ವರ್ಷದ ಎದೆಹಾಲು ಹಲ್ಲಿಗೆ ಹಾನಿ ಮಾಡುವುದಿಲ್ಲ, ರಕ್ಷಣೆಯನ್ನೇ ಕೊಡುತ್ತದೆಂಬುದು ಈಗಿನ ತಿಳಿವಳಿಕೆ. ಎರಡು ವರ್ಷ ದಾಟಿದ ಮೇಲೂ ರಾತ್ರಿಯಿಡೀ ಹಾಲೂಡಿಸುವುದು ಮುಂದುವರಿದರೆ, ಅದರಲ್ಲೂ ಹಗಲೆಲ್ಲ ಸಿಹಿ ತಿನಿಸುಗಳು ಸೇರಿಕೊಂಡು ಹಲ್ಲು ಸ್ವಚ್ಛವಾಗದೆ ಇದ್ದರೆ ಅಪಾಯ ಹೆಚ್ಚುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದ ಜೊತೆಗೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ದಂತವೈದ್ಯರು ಅಡ್ಡಬರಬೇಕಾದ ಅಗತ್ಯವಿಲ್ಲ. ಅಂದಹಾಗೆ, ಮಗುವಿನ ಹಲ್ಲಿನ ವಿಚಾರದಲ್ಲಿ ತಂದೆಯನ್ನು ಯಾರಾದರೂ ಗದರಿಸಿದ್ದನ್ನು ನಾನಂತೂ ಕೇಳಿಲ್ಲ.

ಎಲ್ಲವನ್ನೂ ಸಮಾಜದ ಮೇಲೆ ಹಾಕಲಾಗದು, ಒಂದೇ ಮನೆಯ ಇಬ್ಬರು ಮಕ್ಕಳ ಬಾಯಿ ಒಂದೇ ರೀತಿ ಇರುವುದಿಲ್ಲ. ಹಾಲು ಹಲ್ಲಿನ ಕವಚ ಗರ್ಭದಲ್ಲಿರುವಾಗಲೇ ರೂಪುಗೊಳ್ಳಲು ತೊಡಗುವುದರಿಂದ, ಅವಧಿಗೆ ಮುನ್ನ ಹುಟ್ಟಿದ ಅಥವಾ ಕಡಿಮೆ ತೂಕದ ಮಗುವಿನ ಹಲ್ಲುಗಳ ಕವಚದಲ್ಲಿ ಹುಟ್ಟಾ ಕೊರತೆಗಳಿರುವ ಸಂಭವ ಹೆಚ್ಚು. ಅಂಥ ಹಲ್ಲು ಬೇಗ ಹುಳುಕಾಗುತ್ತದೆ. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆಗಳಿಂದ ದಿನವೂ ಸಿಹಿ ಸಿರಪ್ ಕುಡಿಯುವ ಮಕ್ಕಳಿದ್ದಾರೆ. ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗುವಿನ ಬಾಯಿಗೆ ಬ್ರಷ್ ಹಾಕುವುದೇ ಒಂದು ಸಾಹಸ, ಅವರ ಪೋಷಕರಿಗೆ ಅದನ್ನು ಕಲಿಸಿಕೊಡುವವರಿಲ್ಲ. ಜೊತೆಗೆ ಭಯವಿದೆ. 'ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಕರೆದೊಯ್ದು ಹಲ್ಲು ಕೀಳಿಸುತ್ತೇನೆ' ಎಂದು ಹೆದರಿಸಿ ಬೆಳೆಸಿದ ಮಗು, ಕೊನೆಗೆ ನಿಜವಾಗಿಯೂ ನೋವಿನಿಂದ ಊದಿದ ಕೆನ್ನೆಯೊಂದಿಗೆ ಬಂದು ಕುರ್ಚಿಯ ಮೇಲೆ ಕೂರುವುದಾದರೂ ಹೇಗೆ? ಮೊದಲ ಭೇಟಿಯೇ ಕೀಳಿಸುವ ಭೇಟಿಯಾದರೆ ಆ ಮಗು ದೊಡ್ಡದಾದ ಮೇಲೂ ದಂತವೈದ್ಯನ ಬಾಗಿಲು ತುಳಿಯುವುದಿಲ್ಲ, ತನ್ನ ಮಕ್ಕಳನ್ನೂ ತಡವಾಗಿಯೇ ಕರೆತರುತ್ತದೆ. ಈ ಭಯ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನಿಂದ ಹುಳ ಬೀಳಿಸುತ್ತೇವೆನ್ನುವವರು, ಇದ್ದಿಲು ಅಥವಾ ಇಟ್ಟಿಗೆ ಪುಡಿಯಿಂದ ಮಗುವಿನ ಹಲ್ಲುಜ್ಜುವವರು ಕಡಿಮೆಯಾಗುತ್ತಿದ್ದಾರೆ, ಅದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಇಂದಿನ ತೊಂದರೆ ಟೂತ್‌ಪೇಸ್ಟಿನದು. ಟಿ.ವಿ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಪೇಸ್ಟು ಹಾಕಿ ತೋರಿಸುತ್ತಾರೆ, ಮನೆಯಲ್ಲೂ ಹಾಗೆಯೇ ಹಾಕುತ್ತಾರೆ, ಉಗಿಯಲು ಬಾರದ ಮಗು ನುಂಗುತ್ತದೆ. ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಒಂದು ಬಟಾಣಿಯಷ್ಟು ಪೇಸ್ಟು ಸಾಕು. ಅದನ್ನು ದೊಡ್ಡವರೇ ಹಾಕಿ, ದೊಡ್ಡವರೇ ಉಜ್ಜಿಸಬೇಕು. ಪೇಸ್ಟಿನಲ್ಲಿರುವ ಫ್ಲೋರೈಡ್ ಹುಳುಕನ್ನು ತಡೆಯುತ್ತದೆಂಬುದರಲ್ಲಿ ಅನುಮಾನವಿಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಎಂದೊಡನೆ ಜನರಿಗೆ ನೆನಪಾಗುವುದು ಪಾವಗಡದ ಕೊಳವೆಬಾವಿಗಳು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಅಂತರ್ಜಲದ ಫ್ಲೋರೈಡ್ ಎಷ್ಟೋ ಊರುಗಳಲ್ಲಿ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳವೆಯಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಹೊಟ್ಟೆಗೆ ಹೋದರೆ ಮುಂದೆ ಆ ಹಲ್ಲುಗಳು ಕಂದು ಕಲೆ ಹೊತ್ತೇ ಮೂಡುತ್ತವೆ. ಹದಿಹರೆಯದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯರನ್ನು ಆ ಊರುಗಳಲ್ಲಿ ನೋಡಿದವರಿಗೆ, ಹಲ್ಲಿನ ಆರೋಗ್ಯ ಮನಸ್ಸಿನ ನೆಮ್ಮದಿಗೂ ಸೇರಿದ್ದೆಂದು ಬಿಡಿಸಿ ಹೇಳಬೇಕಿಲ್ಲ. ಇಂಥ ಊರುಗಳ ಮಕ್ಕಳಲ್ಲಿ ಹುಳುಕೂ ಇದೆ, ಕಲೆಯೂ ಇದೆ. ಆದ್ದರಿಂದ ಪೇಸ್ಟಿನ ಬಗ್ಗೆ ಇಡೀ ರಾಜ್ಯಕ್ಕೆ ಒಂದೇ ಕರಪತ್ರ ಹಂಚಿದರೆ ಸಾಲದು. ಅಂಗನವಾಡಿಯ ಅಡುಗೆಗೂ ಕುಡಿಯುವುದಕ್ಕೂ ಯಾವ ನೀರು ಬಳಕೆಯಾಗುತ್ತಿದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದೆಯೇ, ಕೆಟ್ಟು ಎಷ್ಟು ತಿಂಗಳಾಯಿತು ಎಂಬುದನ್ನು ಮೊದಲು ನೋಡಬೇಕು. ಘಟಕ ಕೆಟ್ಟರೆ ಊರಿನವರು ಕೊಳವೆಬಾವಿಗೇ ಮರಳುತ್ತಾರೆ, ಮತ್ತೇನು ಮಾಡಿಯಾರು?

ಸರ್ಕಾರದ ಅಡುಗೆಮನೆಯ ಬಗ್ಗೆಯೂ ಎರಡು ಮಾತು. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಒಳ್ಳೆಯ ಯೋಜನೆ, ಅದನ್ನು ಯಾರೂ ನಿಲ್ಲಿಸಬಾರದು. ಆದರೆ ಪುಡಿಯಿಂದ ಮಾಡಿದ ಆ ಹಾಲಿಗೆ ಸಕ್ಕರೆ ಬೆರೆಸಿ ಕೊಡುತ್ತೇವೆ, ಕುಡಿದ ಮೇಲೆ ಮಗು ಬಾಯಿ ಮುಕ್ಕಳಿಸದೆ ಚಾಪೆಯ ಮೇಲೆ ಮಲಗುತ್ತದೆ. ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಹೋದರೆ ಮಕ್ಕಳ ನಾಲಿಗೆ ಒಗ್ಗಿಕೊಳ್ಳುತ್ತದೆ. ಒಮ್ಮೆಗೇ ತೆಗೆದರೆ ಹಾಲು ಚರಂಡಿಗೆ ಹೋಗುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆಯಿರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹೇಳಿದೆ. ಹಾಲು ಕುಡಿದ ಮೇಲೆ ಒಂದು ಗುಟುಕು ನೀರು ಕುಡಿಸುವುದಕ್ಕಂತೂ ಯಾವ ಆದೇಶವೂ ಬೇಕಿಲ್ಲ. ಶಾಲೆಯ ಆವರಣದಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂಬ 2020ರ ಆಹಾರ ಸುರಕ್ಷತಾ ನಿಯಮವೂ ಇದೆ. ಶಾಲೆಯ ಗೇಟಿನ ಎದುರೇ ಜೋತಾಡುವ ಪೊಟ್ಟಣಗಳ ಸರವನ್ನು ದಿನವೂ ಕಾಣುವ ಓದುಗರಿಗೆ ಅದರ ಪಾಲನೆಯ ಬಗ್ಗೆ ನಾನು ಹೇಳುವುದೇನಿದೆ.

ಈಗ ವ್ಯವಸ್ಥೆಯ ಮಾತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು, ತಪಾಸಣೆಯ ಪಟ್ಟಿಯಲ್ಲಿ ಹಲ್ಲಿನ ತೊಂದರೆಗಳೂ ಇವೆ. ಕಾಗದದ ಮೇಲೆ ಇದು ತಕ್ಕಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ತಂಡದವರು 'ಹುಳುಕು ಹಲ್ಲು, ತಾಲ್ಲೂಕು ಆಸ್ಪತ್ರೆಗೆ ಕಳಿಸಿ' ಎಂದು ಚೀಟಿ ಬರೆದ ಮೇಲೆ ನಡೆಯುವುದೇನು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಬರಬೇಕಾದರೆ ತಾಯಿ ಒಂದು ದಿನದ ಕೂಲಿ ಬಿಡಬೇಕು. ಬಂದರೆ ಅಲ್ಲಿರುವ ಒಬ್ಬ ದಂತವೈದ್ಯನ ಮುಂದೆ ದೊಡ್ಡವರ ಸಾಲಿರುತ್ತದೆ, ಅಳುವ ಮಗುವಿಗೆ ಬೇಕಾದ ಹೊತ್ತನ್ನು ಕೊಡಲಾಗುವುದಿಲ್ಲ. ಬಹುಪಾಲು ಚೀಟಿಗಳು ಮನೆಯ ಗೂಡಿನಲ್ಲೇ ಉಳಿಯುವುದು ಇದಕ್ಕೇ. ಇದೇ ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ಪ್ರತಿ ವರ್ಷ ಅಷ್ಟೊಂದು ದಂತವೈದ್ಯರು ಹೊರಬಂದು ನಗರದ ಒಂದೇ ರಸ್ತೆಯಲ್ಲಿ ಸಾಲಾಗಿ ಕ್ಲಿನಿಕ್ ತೆರೆಯುತ್ತಾರೆ, ಹೋಬಳಿ ಮಟ್ಟದಲ್ಲಿ ಒಬ್ಬರೂ ಸಿಗುವುದಿಲ್ಲ. ಕಾಲೇಜುಗಳು ನಡೆಸುವ ಶಿಬಿರಗಳಿಂದ ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಒಂದು ದಿನ ಬಂದು ಎಣಿಸಿ ಹೋಗುವುದು ಚಿಕಿತ್ಸೆಯಲ್ಲ. ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ಸರ್ಕಾರ, ಹಲ್ಲು ಮೂಡುವ ವಯಸ್ಸಿನವರ ಕಡೆಗೂ ಆ ಉದಾರತೆಯ ಒಂದು ಪಾಲನ್ನು ತಿರುಗಿಸಬಾರದೇಕೆ?

ಹೊಸ ಯೋಜನೆ ಬೇಕೆಂದು ನಾನು ಕೇಳುತ್ತಿಲ್ಲ. ಇರುವ ಭೇಟಿಗಳೇ ಸಾಕು. ಮನೆಯಲ್ಲೇ ಎಳೆಯ ಮಗುವಿನ ಆರೈಕೆ ನೋಡುವ 2018ರ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೆಯ ತಿಂಗಳಿಗೆ ಮಗುವಿನ ಮನೆಗೆ ಹೋಗುತ್ತಾರೆ. ಮೊದಲ ಹಲ್ಲುಗಳು ಮೂಡುವ ಕಾಲವೂ ಅದೇ. ಒಂಬತ್ತನೆಯ ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಬೂಸ್ಟರ್ ಲಸಿಕೆ ಹಾಕಿಸಲು ಬಡವರೂ ಶ್ರೀಮಂತರೂ ಮಗುವನ್ನು ಎತ್ತಿಕೊಂಡು ಬರುತ್ತಾರೆ. ವಿಟಮಿನ್ ಎ ಹನಿ ಹಾಕಲು ಮಗು ಬಾಯಿ ತೆರೆದಾಗ ತುಟಿಯೆತ್ತಿ ನೋಡಲು ಅರ್ಧ ನಿಮಿಷ ಬೇಕು. ತಾಯಿ ಕಾರ್ಡಿನಲ್ಲಿ ಲಸಿಕೆಯ ಸಾಲಿನ ಪಕ್ಕದಲ್ಲೇ 'ಹಲ್ಲು ನೋಡಿದೆ: ಬಿಳಿ ಗೆರೆ ಇದೆ / ಇಲ್ಲ' ಎಂಬ ಒಂದು ಅಂಕಣ ಸೇರಿಸಿದರೆ ತಡೆಯಬಹುದಾದ ಹಂತದಲ್ಲೇ ಹುಳುಕು ಕಣ್ಣಿಗೆ ಬೀಳುತ್ತದೆ. ಬಿಳಿ ಗೆರೆ ಕಂಡ ಮಗುವಿನ ಮನೆಯವರಿಗೆ ಹೇಳಬೇಕಾದ ಮಾತೂ ಚಿಕ್ಕದು: ರಾತ್ರಿ ಸಿಹಿ ಹಾಲಿನ ಬಾಟಲಿ ಬೇಡ, ದಿನಕ್ಕೆರಡು ಸಲ ಹಲ್ಲುಜ್ಜಿಸಿ, ಅದರಲ್ಲಿ ಒಂದು ಸಲ ಮಲಗುವ ಮುನ್ನ, ಬಿಸ್ಕತ್ತು ಕೊಡುವುದಿದ್ದರೆ ಊಟದ ಜೊತೆಗೇ ಕೊಟ್ಟು ಮುಗಿಸಿ.

ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯೇ ಸರಿಯಾದ ಜಾಗ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಆರಂಭವಾದ ಈ ವ್ಯವಸ್ಥೆ ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಷ್ಟು ಬೆಳೆದಿದೆ. ಸ್ಕಾಟ್ಲೆಂಡ್‌ನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಡಿ ಶಿಶುವಿಹಾರಗಳಲ್ಲಿ ಮಕ್ಕಳಿಗೆ ದಿನವೂ ಶಿಕ್ಷಕಿಯರ ಕಣ್ಣೆದುರು ಹಲ್ಲುಜ್ಜಿಸುತ್ತಾರೆ. 2003ರಲ್ಲಿ ಅಲ್ಲಿ ಶಾಲೆಗೆ ಸೇರುವ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಯ ಹಲ್ಲುಗಳು ಹುಳುಕಿಲ್ಲದೆ ಇದ್ದವು, ಈಗ ಆ ಪ್ರಮಾಣ ಮುಕ್ಕಾಲರ ಹತ್ತಿರಕ್ಕೆ ಬಂದಿದೆ. ಚಿಕಿತ್ಸೆಯಲ್ಲಿ ಉಳಿದ ಹಣ ಕಾರ್ಯಕ್ರಮದ ಖರ್ಚನ್ನು ಮೀರಿತೆಂದು ಅಲ್ಲಿನವರು ಲೆಕ್ಕ ಹಾಕಿದ್ದಾರೆ. ಬಡವರ ಮತ್ತು ಉಳ್ಳವರ ಮಕ್ಕಳ ನಡುವಿನ ಅಂತರ ಅಲ್ಲಿಯೂ ಅಳಿದಿಲ್ಲವೆಂಬುದನ್ನು ಮುಚ್ಚಿಡಬೇಕಿಲ್ಲ. ಶ್ರೀಮಂತ ದೇಶದ ಮಾತು ನಮಗೇಕೆ ಎನ್ನುವವರಿಗೆ ಫಿಲಿಪ್ಪೀನ್ಸ್ ಇದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಕೈ ತೊಳೆದು ಹಲ್ಲುಜ್ಜುವ ಕಾರ್ಯಕ್ರಮ ಅಗ್ಗದ ಸಾಮಗ್ರಿಯಲ್ಲೇ ನಡೆದಿದೆ, ತೂತು ಕೊರೆದ ಕೊಳವೆಯೇ ಅಲ್ಲಿನ ನಲ್ಲಿ.

ಇದು ಅಂಗನವಾಡಿ ಕಾರ್ಯಕರ್ತೆಯ ಮೇಲೆ ಇನ್ನೊಂದು ಹೊರೆಯಾಗುತ್ತದೆಂಬ ಆಕ್ಷೇಪ ಬಂದೇ ಬರುತ್ತದೆ, ಅದು ಸರಿಯಾದ ಆಕ್ಷೇಪವೇ. ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಸಮೀಕ್ಷೆಗಳು, ಚುನಾವಣೆಯ ಕೆಲಸ ಎಲ್ಲವೂ ಅವರ ಮೇಲಿವೆ, ಕೈಗೆ ಬರುವುದು ಗೌರವಧನ. ಹಲ್ಲುಜ್ಜಿಸುವ ಕೆಲಸ ಸೇರಿಸುವುದಾದರೆ ಬೇರೊಂದನ್ನು ತೆಗೆಯಬೇಕು, ಇದಕ್ಕೆ ಮತ್ತೊಂದು ರಿಜಿಸ್ಟರು ಕೊಡಲೇಬಾರದು. ಬ್ರಷ್ಷು, ಪೇಸ್ಟು, ಪ್ರತಿ ಮಗುವಿನ ಹೆಸರಿರುವ ಗೂಡಿನ ಹಲಗೆ ಮತ್ತು ನಲ್ಲಿಯ ನೀರು ಇಲಾಖೆಯಿಂದಲೇ ಬರಬೇಕು. ದಾನಿಗಳನ್ನು ಹುಡುಕಿಕೊಳ್ಳಿ ಎಂದರೆ ಮೊದಲ ತಿಂಗಳ ಫೋಟೊ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳಲ್ಲಿ ಇದನ್ನು ಇನ್ನೂ ಬೇಗ ಆರಂಭಿಸಬಹುದು, ಕೂಲಿಗೆ ಹೋಗುವ ತಾಯಂದಿರ ಮಕ್ಕಳೇ ಅಲ್ಲಿರುವುದರಿಂದ.

ಆಗಲೇ ತೂತು ಬಿದ್ದ ಹಲ್ಲುಗಳಿಗೂ ಕೀಳುವುದೊಂದೇ ದಾರಿಯಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣದ ಒಂದು ಹನಿಯನ್ನು ಹಚ್ಚಿದರೆ ಬಹಳಷ್ಟು ಹುಳುಕು ಅಲ್ಲಿಗೇ ನಿಲ್ಲುತ್ತದೆ. ಸೂಜಿ ಬೇಡ, ಯಂತ್ರ ಬೇಡ, ವಿದ್ಯುತ್ ಬೇಡ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆಂಬುದು ಇದರ ದೊಡ್ಡ ತೊಡಕು. ಮುಂದಿನ ಹಲ್ಲು ಕಪ್ಪಾದರೆ, ಅದರಲ್ಲೂ ಹೆಣ್ಣುಮಗುವಿಗಾದರೆ, ಮನೆಯವರು ಒಪ್ಪುವುದಿಲ್ಲ. ಮೊದಲೇ ಚಿತ್ರ ತೋರಿಸಿ ಒಪ್ಪಿಗೆ ಪಡೆಯದೆ ಹಚ್ಚುವುದು ತಪ್ಪು ಕೂಡ. ಆದರೆ ಕಣ್ಣಿಗೆ ಕಾಣದ ಹಿಂದಿನ ದವಡೆ ಹಲ್ಲುಗಳಿಗೆ ಹೆಚ್ಚಿನ ಪೋಷಕರು ಒಪ್ಪುತ್ತಾರೆಂಬುದು ನನ್ನ ಅನುಭವ. ತಾಲ್ಲೂಕಿನ ದಂತವೈದ್ಯ ವಾರಕ್ಕೊಂದು ದಿನ ಆಸ್ಪತ್ರೆಯ ಕುರ್ಚಿ ಬಿಟ್ಟು, ಬಾಲ ಸ್ವಾಸ್ಥ್ಯದ ತಂಡದ ವಾಹನದಲ್ಲಿ ಅಂಗನವಾಡಿಗೇ ಹೋಗಿ ಈ ಚಿಕಿತ್ಸೆ ಕೊಡುವಂತಾದರೆ ಚೀಟಿ ಹಿಡಿದು ಅಲೆಯುವ ಕೆಲಸವೇ ತಪ್ಪುತ್ತದೆ. ಹತ್ತಿರದ ದಂತ ಕಾಲೇಜಿನ ಸಮುದಾಯ ದಂತವೈದ್ಯ ವಿಭಾಗ ಮತ್ತು ಮಕ್ಕಳ ದಂತವೈದ್ಯ ವಿಭಾಗಗಳಿಗೆ ಒಂದೊಂದು ತಾಲ್ಲೂಕನ್ನು ವರ್ಷಪೂರ್ತಿ ವಹಿಸಿಕೊಟ್ಟರೆ ಕೈಗಳ ಕೊರತೆಯೂ ನೀಗುತ್ತದೆ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಬಳಿ ಮಕ್ಕಳಿದ್ದಾರೆ, ಆರೋಗ್ಯ ಇಲಾಖೆಯ ಬಳಿ ದಂತವೈದ್ಯರಿದ್ದಾರೆ, ಶಾಲಾ ಶಿಕ್ಷಣ ಇಲಾಖೆಯ ಕೈಗೆ ಬರುವ ಹೊತ್ತಿಗೆ ಮಗುವಿನ ಬಾಯಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಮೊದಲಿನ ಎರಡು ಇಲಾಖೆಗಳು ಸೇರಿ ಹೊರಡಿಸಬೇಕಾದ ಒಂದು ಜಂಟಿ ಸುತ್ತೋಲೆ, ತಾಯಿ ಕಾರ್ಡಿನಲ್ಲಿ ಒಂದು ಅಂಕಣ, ಬ್ರಷ್ ಮತ್ತು ಪೇಸ್ಟಿಗೆ ಮುಂದಿನ ಆಯವ್ಯಯದಲ್ಲಿ ಒಂದು ಶೀರ್ಷಿಕೆ, ಇಷ್ಟು ನನ್ನ ಕೋರಿಕೆ. ಯಾವುದಾದರೂ ಜಿಲ್ಲೆಯಲ್ಲಿ ಇದು ಈಗಾಗಲೇ ನಡೆಯುತ್ತಿದ್ದರೆ ಅಲ್ಲಿನ ಅಂಗನವಾಡಿ ಕಾರ್ಯಕರ್ತೆಯರೋ ವೈದ್ಯರೋ ತಮ್ಮ ಪತ್ರಿಕೆಗೆ ಬರೆದು, ಏನು ಸಾಧ್ಯವಾಯಿತು, ಎಲ್ಲಿ ಕೈಸೋತಿತು ಎಂಬುದನ್ನು ತಿಳಿಸಬೇಕಾಗಿ ವಿನಂತಿ. ಸಂಬಂಧಪಟ್ಟ ಅಧಿಕಾರಿಗಳ ಉತ್ತರವನ್ನೂ ಇದೇ ಅಂಕಣದಲ್ಲಿ ನಿರೀಕ್ಷಿಸುತ್ತೇನೆ.

– ನಿವೃತ್ತ ದಂತ ಆರೋಗ್ಯಾಧಿಕಾರಿ, ತುಮಕೂರು ಜಿಲ್ಲೆ